ಗರ್ಭಕಂಠದ ಕ್ಯಾನ್ಸರ್ ಮತ್ತು ಸಾಮಾಜಿಕ ಅಸಮಾನತೆ

ಗರ್ಭಕೋಶದ ಬಾಯಿಯಲ್ಲಿ ಹುಟ್ಟುವ ಗರ್ಭಕಂಠದ ಕ್ಯಾನ್ಸರನ್ನು ಬಹುಮಟ್ಟಿಗೆ ತಡೆಯಬಹುದು. ಹಾಗಿದ್ದೂ 2022ರಲ್ಲಿ ಜಗತ್ತಿನ ಸುಮಾರು 6.6 ಲಕ್ಷ ಮಹಿಳೆಯರಿಗೆ ಅದು ಬಂತು; ಸುಮಾರು 3.5 ಲಕ್ಷ ಮಂದಿ ಅದರಿಂದ ಸತ್ತರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಈ ಸಾವುಗಳಲ್ಲಿ ಶೇ. 94ರಷ್ಟು ಸಂಭವಿಸಿದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಇದರ ಮೂಲ. ಇದನ್ನು ತೋರಿಸಿಕೊಟ್ಟ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಹೆಚ್ಚು ಹೆರಿಗೆ, ತಂಬಾಕು, ಚಿಕಿತ್ಸೆ ಕಾಣದ ಎಚ್‌ಐವಿ ಅಪಾಯವನ್ನು ಏರಿಸುತ್ತವೆ. 1982ರಿಂದ ಲೆಕ್ಕವಿಡುತ್ತ ಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗರ್ಭಕಂಠದ ಕ್ಯಾನ್ಸರಿನ ಪ್ರಮಾಣ ಇಳಿದಿದೆ, ಸ್ತನ ಕ್ಯಾನ್ಸರ್ ಮುಂದಿದೆ. ವ್ಯಾಪಕ ತಪಾಸಣೆಯೇ ಇಲ್ಲದೆ ಆದ ಈ ಇಳಿಕೆಯ ಹಿಂದೆ ತಡವಾದ ಮದುವೆ, ಕಡಿಮೆ ಮಕ್ಕಳು, ಹೆಣ್ಣುಮಕ್ಕಳ ಓದು ಇವೆ ಎಂದು ತಜ್ಞರು ಭಾವಿಸುತ್ತಾರೆ.

ಸೋಂಕು ಕ್ಯಾನ್ಸರ್ ಆಗಲು ಹಿಡಿಯುವ ಹದಿನೈದು ವರ್ಷ ಎಂದರೆ ತಪಾಸಣೆಗೆ ಸಾಕಷ್ಟು ಕಾಲಾವಕಾಶ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ. 2ರಷ್ಟೂ ಇರಲಿಲ್ಲ. ಪರೀಕ್ಷೆ ದುಬಾರಿ ಎಂಬ ನೆಪ ಪೂರ್ತಿ ನಿಲ್ಲುವುದಿಲ್ಲ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತನೇ ತರಗತಿ ಓದಿದ ಮಹಿಳೆಯರಿಗೆ ನಾಲ್ಕು ವಾರ ತರಬೇತಿ ಕೊಟ್ಟು, ವಿನಿಗರ್‌ನಂಥ ದ್ರಾವಣ ಸವರಿ ಬಿಳಿ ಮಚ್ಚೆ ಹುಡುಕುವ ಪರೀಕ್ಷೆ ಮಾಡಿಸಿದರು. 12 ವರ್ಷಗಳ ಬಳಿಕ ಈ ರೋಗದ ಸಾವು ಶೇ. 31ರಷ್ಟು ತಗ್ಗಿತ್ತು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 1,31,746 ಮಹಿಳೆಯರ ಅಧ್ಯಯನದಲ್ಲಿ ವಿನಿಗರ್ ಪರೀಕ್ಷೆಗೆ ಅಷ್ಟು ಫಲ ಸಿಗಲಿಲ್ಲ. ಒಂದೇ ಒಂದು ಎಚ್‌ಪಿವಿ ಪರೀಕ್ಷೆ ಮಾತ್ರ ಸಾವನ್ನು ಸರಿಸುಮಾರು ಅರ್ಧಕ್ಕಿಳಿಸಿತು (2009). ಎರಡೂ ಕಡೆ ಹೋಲಿಕೆಗೆಂದು ಇಟ್ಟ ಗುಂಪಿನ ಮಹಿಳೆಯರಿಗೆ ತಪಾಸಣೆ ಕೊಟ್ಟಿರಲಿಲ್ಲ. ಆಗಿನ ವಾಡಿಕೆಯೇ ಹಾಗಿತ್ತು ಎಂಬುದು ಸಂಶೋಧಕರ ಸಮರ್ಥನೆ. ಆ ವಾಡಿಕೆ ಬಡ ಹೆಂಗಸರ ಪಾಲಿನದ್ದು ಎಂಬ ಟೀಕೆ ಬಂದದ್ದು ಸಹಜ.

ಎಚ್‌ಪಿವಿ ತಡೆಯುವ ಲಸಿಕೆಯ ವಿಷಯದಲ್ಲೂ ಬಡತನ ಅಡ್ಡಿಯಾಗಲೇಬೇಕೆಂದಿಲ್ಲ. ರುವಾಂಡಾ 2011ರಲ್ಲೇ ಶಾಲೆಗಳ ಮೂಲಕ ಲಸಿಕೆ ಹಾಕಿಸಿ, ಅರ್ಹ ಬಾಲಕಿಯರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಯನ್ನು ತಲುಪಿತು. ಸಿಕ್ಕಿಂ 2018ರಲ್ಲಿ ಅದೇ ದಾರಿ ಹಿಡಿಯಿತು.

ಬದುಕುಳಿಯುವ ಸಾಧ್ಯತೆಯನ್ನು ನಿರ್ಧರಿಸುವುದು ಹೆಚ್ಚಾಗಿ ರೋಗದ ಹಂತ. ಬಿಳಿಸೆರಗು, ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನು ಹೇಳಿಕೊಳ್ಳಲು ನಾಚಿ, ಕೂಲಿ ಬಿಟ್ಟು ಹೋಗಲಾಗದೆ ತಡಮಾಡಿದವರು ಆಸ್ಪತ್ರೆಗೆ ಬರುವಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಹಂತ ದಾಟಿರುತ್ತದೆ. ಆಗ ಜನ ‘ಕರೆಂಟು ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯೇ ಗತಿ. ಅದಕ್ಕೆ ವಾರಕ್ಕೆ ಐದು ದಿನದಂತೆ ಹಲವು ವಾರ ಆಸ್ಪತ್ರೆಗೆ ಎಡತಾಕಬೇಕು. ಒಟ್ಟು ಚಿಕಿತ್ಸೆ ಎಂಟು ವಾರದೊಳಗೆ ಮುಗಿಯದಿದ್ದರೆ ಫಲ ಕುಗ್ಗುತ್ತದೆ. ಆಯುಷ್ಮಾನ್ ಭಾರತ್ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಕಳೆದುಕೊಂಡ ಕೂಲಿ, ಜೊತೆಗೆ ಬಂದವರ ಊಟ, ಊರಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಅದರಲ್ಲಿ ಸೇರುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸುವವರ ಕಾರಣಗಳಲ್ಲಿ ಇವೇ ಮತ್ತೆಮತ್ತೆ ಕಾಣಸಿಗುತ್ತವೆ.