ನೆನೆ ಎಂಬ ಎರಡಕ್ಷರ

ಊಟದ ನಡುವೆ ಯಾರಿಗಾದರೂ ಬಿಕ್ಕಳಿಕೆ ಬಂದರೆ ನೀರಿನ ಲೋಟಕ್ಕಿಂತ ಮೊದಲು ಮಾತು ಬರುತ್ತದೆ: "ಯಾರೋ ನೆನೆಸ್ಕೊಳ್ತಿದಾರೆ ನೋಡು." ಆಮೇಲೆ ಒಬ್ಬೊಬ್ಬರದೇ ಹೆಸರು ಹೇಳುತ್ತ ಹೋಗಬೇಕು, ಸರಿಯಾದ ಹೆಸರು ಬಂದೊಡನೆ ಬಿಕ್ಕಳಿಕೆ ನಿಲ್ಲುತ್ತದೆ ಎಂಬ ನಂಬಿಕೆ. ಮಾತಿನಲ್ಲಿದ್ದವರೇ ಬಾಗಿಲಿಗೆ ಬಂದು ನಿಂತರೆ, "ಈಗಷ್ಟೇ ನಿಮ್ಮನ್ನ ನೆನೆಸ್ಕೊಂಡ್ವಿ, ನೂರು ವರ್ಷ ಆಯಸ್ಸು" ಎಂಬ ಸ್ವಾಗತ. ಅದೇ ಹೊತ್ತಿಗೆ ಒಳಗಿನಿಂದ ಅತ್ತೆಯ ಪ್ರಶ್ನೆ: "ದೋಸೆಗೆ ಅಕ್ಕಿ ನೆನೆಸಿದ್ಯೇನಮ್ಮಾ?"

ನೆನಪಿಗೂ ನೀರಿಗೂ ಒಂದೇ ಮಾತು. ಮೂಲದಲ್ಲಿ ಇವು ಎರಡು ಬೇರೆ ಧಾತುಗಳು. ತಮಿಳಿನಲ್ಲಿ ಇಂದಿಗೂ ನೆನಪಿನದು ‘ನಿನೈ’, ಒದ್ದೆಯಾಗುವುದು ‘ನನೈ’. ಕನ್ನಡದಲ್ಲೂ ತೋಯುವ ಅರ್ಥಕ್ಕೆ ‘ನನೆ’ ಎಂಬ ರೂಪ ಉಂಟು. ಆದರೆ ಬಳಕೆಯಲ್ಲಿ ಎರಡೂ ‘ನೆನೆ’ ಎಂದೇ ಕೂಡಿಕೊಂಡವು. ಮಳೆಗೆ ಸಿಕ್ಕವನೂ ನೆನೆದ, ತವರನ್ನು ಮನಸ್ಸಿಗೆ ತಂದುಕೊಂಡವಳೂ ನೆನೆದಳು. ಈ ಕೂಡಿಕೆ ಆಕಸ್ಮಿಕವೇ ಇರಬಹುದು. ಆದರೂ ಅದರಿಂದ ನಮಗೊಂದು ತಿಳಿವಳಿಕೆ ದಕ್ಕಿದೆ. ಉದ್ದು ನೆನೆಯಲು ಹೊತ್ತು ಬೇಕು, ಅವಸರ ಮಾಡಿದರೆ ರುಬ್ಬುವಾಗ ಗೊತ್ತಾಗುತ್ತದೆ. ಮನುಷ್ಯರನ್ನು ನೆನೆಯುವುದಕ್ಕೂ ಹಾಗೆಯೇ ಹೊತ್ತು ಬೇಕು.

ಉಪಕಾರದ ವಿಷಯ ಬಂದಾಗಲೆಲ್ಲ ಕನ್ನಡ ಕೈಹಾಕುವುದು ಈ ಮಾತಿಗೇ. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬ ಗಾದೆಯಲ್ಲಿ ‘ಧನ್ಯವಾದ ಹೇಳು’ ಎಂಬ ಸೂಚನೆ ಇಲ್ಲ. ಹಿಂದಿನ ಹಳ್ಳಿಯ ಮನೆಗಳಲ್ಲಿ ಧನ್ಯವಾದ ಎಂಬ ಪದವೇ ಅಷ್ಟಾಗಿ ಓಡಾಡುತ್ತಿರಲಿಲ್ಲ. ಅದು ಸಭೆಯ ಮಾತು. ವಂದನಾರ್ಪಣೆಯ ಹೊತ್ತಿಗೆ ವೇದಿಕೆಯ ಮೇಲೆ ಕೇಳಿಸುವಂಥದ್ದು. ಮನೆಯ ಮಾತು ಬೇರೆ: "ನಿನ್ನ ಹೊಟ್ಟೆ ತಣ್ಣಗಿರಲಿ", "ಪುಣ್ಯಾತ್ಮ, ಸಮಯಕ್ಕೆ ಆದ." ಇನ್ನೂ ದೊಡ್ಡ ಉಪಕಾರವಾದರೆ, "ಇರೋ ತನಕ ನೆನೆಸ್ಕೋತೀನಪ್ಪ." ಇದು ಮುಂದಿನ ದಿನಗಳಿಗೆಲ್ಲ ಕೊಟ್ಟ ಮಾತು.

ಈಚೆಗೆ ಊರೆಲ್ಲ ಮೈಂಡ್‌ಫುಲ್‌ನೆಸ್ ಎನ್ನುತ್ತಿದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಆರಂಭಿಸಿದ ತರಬೇತಿಯಿಂದ ಅದು ಆಸ್ಪತ್ರೆ, ಕಚೇರಿ, ಶಾಲೆಗಳಿಗೆ ಹಬ್ಬಿತು. ಆ ಇಂಗ್ಲಿಷ್ ಪದದ ಹಿಂದಿರುವುದು ಪಾಲಿಯ ‘ಸತಿ’. ವಿದ್ವಾಂಸ ರೀಸ್ ಡೇವಿಡ್ಸ್ 1881ರಲ್ಲಿ ಪ್ರಕಟಿಸಿದ ಬೌದ್ಧ ಸೂತ್ರಗಳ ಅನುವಾದದಲ್ಲಿ ‘ಸತಿ’ಗೆ ಆ ಪದವನ್ನು ಇಟ್ಟರು. ‘ಸತಿ’ ಎಂದರೆ ಸಂಸ್ಕೃತದ ‘ಸ್ಮೃತಿ’, ಅಂದರೆ ನೆನಪು. ನಡೆಯುವಾಗ ನಡೆಯುತ್ತಿದ್ದೇನೆಂಬ ನೆನಪು, ಉಣ್ಣುವಾಗ ಉಣ್ಣುತ್ತಿದ್ದೇನೆಂಬ ನೆನಪು. ಕೃತಜ್ಞತೆಯೂ ಇದಕ್ಕೆ ದೂರದ್ದಲ್ಲ: ‘ಕೃತ’ವನ್ನು, ನಮಗಾಗಿ ಮಾಡಿದ್ದನ್ನು, ಬಲ್ಲವನು ಕೃತಜ್ಞ. ಒಂದು ಈಗ ಎದುರಿಗಿರುವುದನ್ನು ಮರೆಯದಿರುವುದು, ಇನ್ನೊಂದು ಹಿಂದೆ ಪಡೆದದ್ದನ್ನು ಮರೆಯದಿರುವುದು. ಎರಡಕ್ಕೂ ಕನ್ನಡದ ನೆನೆ ಸಾಕು.

ಆದರೆ ನೆನೆಯುವುದೆಲ್ಲ ಒಳ್ಳೆಯದೆಂದು ನಮ್ಮ ಭಾಷೆ ಹೇಳುವುದಿಲ್ಲ. ‘ನೆನೆಗುದಿ’ ಎಂಬ ಪದವನ್ನು ನೋಡಿ. ಪತ್ರಿಕೆಗಳಲ್ಲಿ ಸೇತುವೆ, ಕಡತ, ನೀರಾವರಿ ಯೋಜನೆಗಳು ನೆನೆಗುದಿಗೆ ಬೀಳುತ್ತಲೇ ಇರುತ್ತವೆ. ಈ ಪದ ಬಿಡಿಸಿದರೆ ನೆನೆ ಮತ್ತು ಕುದಿ. ನೆನೆದು ನೆನೆದು ಒಳಗೇ ಕುದಿಯುವ ತಳಮಳ ಅದರ ಹಳೆಯ ಅರ್ಥ. ಯಾರೋ ಮದುವೆ ಮನೆಯಲ್ಲಿ ಆಡಿದ ಒಂದು ಕೊಂಕು ಮಾತು ವರ್ಷಗಟ್ಟಲೆ ಮನಸ್ಸಿನಲ್ಲಿ ಕುದಿಯುತ್ತದೆ. ಅದೇ ಮದುವೆಯಲ್ಲಿ ರಾತ್ರಿಯೆಲ್ಲ ನಿಂತು ಬಡಿಸಿದವರ ಹೆಸರು ಮರುದಿನಕ್ಕೇ ಮರೆಯುತ್ತದೆ. ನೋವು ತಾನಾಗಿಯೇ ನೆನಪಿಗೆ ಬರುತ್ತದೆ, ಉಪಕಾರವನ್ನು ನಾವಾಗಿ ನೆನೆಯಬೇಕು. ಅಭ್ಯಾಸ ಬೇಕಾಗುವುದು ಇದಕ್ಕೇ.

ಅಭ್ಯಾಸ ಫಲ ಕೊಡುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ವಾರಕ್ಕೊಮ್ಮೆ, ಹತ್ತು ವಾರ, ತಾವು ಋಣಿಯಾಗಿರುವ ಹೆಚ್ಚೆಂದರೆ ಐದು ಸಂಗತಿಗಳನ್ನು ಬರೆದಿಟ್ಟಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವನ್ನೂ ಬರುವ ವಾರದ ಬಗ್ಗೆ ಹೆಚ್ಚು ಭರವಸೆಯನ್ನೂ ತೋರಿದರು.

ನಮ್ಮಲ್ಲಿ ಈ ಪಟ್ಟಿಯನ್ನು ಬಾಯಲ್ಲೇ ಇಟ್ಟುಕೊಂಡವರು ಬೀಸುಕಲ್ಲಿನ ಮುಂದೆ ಕೂತ ಹೆಂಗಸರು. ಬೆಳಗಿನ ಜಾವ ಎದ್ದು ಮೊದಲು ಯಾರನ್ನು ನೆನೆಯಲಿ ಎಂದು ಕೇಳಿಕೊಂಡು, ಭೂಮಿತಾಯಿಯ ಹೆಸರು ಹಿಡಿಯುವ ತ್ರಿಪದಿಯನ್ನು ಕೇಳದ ಕನ್ನಡಿಗರು ಕಡಿಮೆ. ಮಲೆನಾಡಿನ ದೀವರು ಭೂಮಿ ಹುಣ್ಣಿಮೆಯ ದಿನ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ತೆನೆಗಟ್ಟುವ ಪೈರು ಅವರಿಗೆ ಬಸುರಿ, ಆ ಊಟ ಅವಳ ಬಯಕೆ. ಉತ್ತರ ಕರ್ನಾಟಕದ ರೈತರು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯನ್ನು ಭೂಮಿಗೆ ಎರಚಿ ಅರ್ಪಿಸುತ್ತಾರೆ. ಆಯುಧಪೂಜೆಯಂದು ಗರಗಸಕ್ಕೂ ಲೇತ್ ಯಂತ್ರಕ್ಕೂ ಆಟೋಗೂ ಅರಿಶಿನ, ಕುಂಕುಮ, ಹೂವು. ಇಲ್ಲೆಲ್ಲ ನೆನೆಯುವುದು ಕೈಯಿಂದಲೂ ನಡೆಯುತ್ತದೆ. ಅನ್ನ ಕೊಟ್ಟದ್ದನ್ನು ಮುಟ್ಟಿ, ತೊಳೆದು, ಉಣಿಸಿ ನೆನೆಯುತ್ತಾರೆ.

ಈ ಕ್ರಿಯಾಪದದ ಇನ್ನೊಂದು ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ. ‘ಎಲ್ಲರಿಗೂ ಧನ್ಯವಾದ’ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಮುಗಿಸಬಹುದು. ಸುಮ್ಮನೆ ‘ನೆನೆದೆ’ ಎಂದರೆ ಮಾತು ಪೂರ್ತಿಯಾಗದು, "ಯಾರನ್ನ?" ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ನೆನಪಿನ ಅರ್ಥದ ನೆನೆ ಎಂಬ ಮಾತಿಗೆ ಕರ್ಮ ಬೇಕು, ಒಂದು ಹೆಸರು ಬೇಕು. ನಸುಕಿನಲ್ಲಿ ಹಾಲು ತಂದಿಡುವವರು, ರಸ್ತೆ ಗುಡಿಸುವ ಪೌರಕಾರ್ಮಿಕರು, ಮಗುವಿಗೆ ಅ ಆ ಇ ಈ ತಿದ್ದಿಸಿದ ಅಂಗನವಾಡಿ ಶಿಕ್ಷಕಿ, ಇವರ ಉಪಕಾರ ನಮಗೆ ಗೊತ್ತು. ಹೆಸರು ಗೊತ್ತೇ? ಹೆಸರು ಗೊತ್ತಿಲ್ಲದಿದ್ದರೆ ನಮ್ಮ ಕೃತಜ್ಞತೆ ಇನ್ನೂ ಅರ್ಧದಲ್ಲೇ ನಿಂತಿದೆ ಎಂದು ನಾನು ನಂಬುತ್ತೇನೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಮೈಂಡ್‌ಫುಲ್‌ನೆಸ್‌ನ ಆ್ಯಪ್, ಪುಸ್ತಕ, ಶಿಬಿರಗಳಿಂದ ನಿಮಗೆ ಒಳಿತಾಗಿದ್ದರೆ ಮುಂದುವರಿಸಿ. ಅದರ ಜೊತೆಗೆ ಇವತ್ತು ಮಲಗುವ ಮುನ್ನ ಒಬ್ಬರನ್ನು ಹೆಸರು ಹಿಡಿದು ನೆನೆಯಿರಿ. ಅವರು ಏನು ಮಾಡಿದ್ದರು, ಯಾವಾಗ, ಎಷ್ಟು ಕಷ್ಟದಲ್ಲಿ ಮಾಡಿದ್ದರು ಎಂಬುದನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಿ. ಹೆಸರು ತಿಳಿಯದಿದ್ದರೆ ನಾಳೆ ಕೇಳಿ ತಿಳಿದುಕೊಳ್ಳಿ. ಅವರು ಬದುಕಿದ್ದರೆ ಫೋನ್ ಮಾಡಿ, "ನಿಮ್ಮನ್ನ ನೆನೆಸ್ಕೊಂಡೆ" ಎಂದು ಹೇಳಿ.