ಮಾರಾಟಕ್ಕೆ ಬಂದ ನಿಷ್ಠೆ

1920ರ ಜನವರಿ 17ರಂದು ಅಮೆರಿಕಾ ದೇಶದಲ್ಲಿ ಪಾನನಿರೋಧವು ಜಾರಿಗೆ ಬಂದಾಗ, ಮದ್ಯವ್ಯಾಪಾರವು ನಿಲ್ಲುವುದಕ್ಕೆ ಬದಲಾಗಿ ನ್ಯಾಯಸ್ಥಾನದ ಆಶ್ರಯವನ್ನು ಕಳೆದುಕೊಂಡು ಕತ್ತಲಿಗೆ ಸರಿಯಿತು. ಸರಕು ತಲುಪದಿದ್ದರೆ ದಾವೆ ಹೂಡುವಂತಿಲ್ಲ. ಪಾಲುಗಾರನು ವಂಚಿಸಿದರೆ ಪತ್ರವನ್ನು ಮುಂದಿಟ್ಟು ನ್ಯಾಯ ಕೇಳುವಂತಿಲ್ಲ. ಆಡಿದ ಮಾತು, ತವರೂರಿನ ನಂಟು, ಕಡೆಗೆ ಬಂದೂಕು, ಇವಿಷ್ಟರ ಬಲದಿಂದಲೇ ನಡೆಯಬೇಕಾದ ಆ ವಹಿವಾಟಿನಲ್ಲಿ ನಿಷ್ಠೆಯೆಂಬುದು ಮದ್ಯಕ್ಕಿಂತಲೂ ಬೆಲೆಯುಳ್ಳ ವಸ್ತುವಾಯಿತು. ಬೆಲೆ ಬಂದುದರಿಂದಲೇ ಅದು ಮಾರಾಟಕ್ಕೂ ಒದಗಿತು.

ನ್ಯೂಯಾರ್ಕಿನಲ್ಲಿ 1930ರಿಂದ 31ರವರೆಗೆ ನಡೆದ ಕಲಹವೇ ಇದಕ್ಕೆ ನಿದರ್ಶನ. ಅಲ್ಲಿನ ಪಾತಕಕೂಟವೊಂದರ ನಾಯಕನಾದ ಜೋ ಮಸ್ಸೇರಿಯಾನ ಬಲಗೈಯಂತಿದ್ದ ಲಕ್ಕಿ ಲೂಸಿಯಾನೊ, ಸಿಸಿಲಿಯ ಕಾಸ್ಟೆಲ್ಲಮ್ಮಾರೆ ಊರಿನಿಂದ ಬಂದ ಪ್ರತಿಸ್ಪರ್ಧಿ ಮರಾಂಜಾನೊನೊಡನೆ ಗುಪ್ತಸಂಧಾನ ಮಾಡಿಕೊಂಡನು. 1931ರ ಏಪ್ರಿಲ್ 15ರಂದು ಕೋನಿ ಐಲೆಂಡಿನ ಭೋಜನಶಾಲೆಯೊಂದರಲ್ಲಿ ಮಸ್ಸೇರಿಯಾ ಹತನಾದನು. ಐದು ತಿಂಗಳು ತುಂಬುವುದರೊಳಗೆ, ಸರಕಾರಿ ಅಧಿಕಾರಿಗಳ ಸೋಗಿನಲ್ಲಿ ಬಂದವರು ಮರಾಂಜಾನೊನನ್ನೂ ಅವನ ಕಚೇರಿಯಲ್ಲಿಯೇ ಕೊಂದರು. ಇಬ್ಬರು ಯಜಮಾನರ ಅನ್ನವನ್ನುಂಡವನು ಮೂರನೆಯ ಯಜಮಾನನಾಗಿ ನಿಂತನು.

ಅದೇ 1931ರಲ್ಲಿ, ಹಿಂದೊಮ್ಮೆ ಪಿಂಕರ್ಟನ್ ಸಂಸ್ಥೆಯ ಪತ್ತೇದಾರನಾಗಿ ದುಡಿದಿದ್ದ ಡ್ಯಾಶಿಯಲ್ ಹ್ಯಾಮೆಟ್ಟನ ‘ದಿ ಗ್ಲಾಸ್ ಕೀ’ ಎಂಬ ಕಾದಂಬರಿ ಪ್ರಕಟವಾಯಿತು. ಕೋಯೆನ್ ಸಹೋದರರು 1990ರಲ್ಲಿ ತೆಗೆದ ‘ಮಿಲ್ಲರ್ಸ್ ಕ್ರಾಸಿಂಗ್’ ಚಿತ್ರವು ಆ ಕೃತಿಗೆ ಬಹುವಾಗಿ ಋಣಿಯಾಗಿದೆ. ಹೆಸರಿಲ್ಲದ ನಗರವೊಂದರಲ್ಲಿ ಐರಿಷ್ ಮುಖಂಡ ಲಿಯೊ ಒಂದು ಕಡೆ, ಇಟಲಿ ಮೂಲದ ಕ್ಯಾಸ್ಪರ್ ಇನ್ನೊಂದು ಕಡೆ. ನಡುವೆ ಲಿಯೊನ ಮಂತ್ರಾಲೋಚಕನಾದ ಟಾಮ್. ಒಬ್ಬಳೇ ಹೆಣ್ಣಿನಲ್ಲಿ ಇಬ್ಬರೂ ಅನುರಕ್ತರಾದ ಕಾರಣದಿಂದ ಲಿಯೊನ ಮನೆಯಿಂದ ಹೊರಬಿದ್ದ ಟಾಮ್, ಕ್ಯಾಸ್ಪರನ ಪಾಳೆಯವನ್ನು ಸೇರುತ್ತಾನೆ. ನಿಷ್ಠೆಯ ಪರೀಕ್ಷೆಗೆಂದು ಅವನ ಕೈಗೆ ಪಿಸ್ತೂಲನ್ನಿತ್ತು, ಬರ್ನಿಯೆಂಬವನನ್ನು ಅಡವಿಗೆ ಕರೆದೊಯ್ದು ಕೊಂದು ಬರುವಂತೆ ಕಳುಹಿಸುತ್ತಾರೆ. ಬರ್ನಿ ಮೊಣಕಾಲೂರಿ ಅಂಗಲಾಚುತ್ತಾನೆ, ಟಾಮ್ ಕರಗಿ ಬಿಟ್ಟುಬಿಡುತ್ತಾನೆ. ಹಾಗೆ ಬದುಕಿಕೊಂಡವನೇ ಮರಳಿ ಬಂದು, ಆ ಕರುಣೆಯನ್ನೇ ಪಾಶವನ್ನಾಗಿ ಮಾಡಿ ಅವನ ಕೊರಳಿಗೆ ಬಿಗಿಯುತ್ತಾನೆ. ಎರಡನೆಯ ಬಾರಿ ಅಂಗಲಾಚಿದಾಗ ಟಾಮ್ ಕರಗುವುದಿಲ್ಲ. ಈ ಎರಡು ದೃಶ್ಯಗಳ ನಡುವೆ ಒಬ್ಬ ಮನುಷ್ಯನ ಅಂತಃಕರಣವು ಹೇಗೆ ಬತ್ತಿತೆಂಬುದನ್ನು ಅಷ್ಟು ಮಿತವಾದ ಮಾತುಗಳಲ್ಲಿ ತೋರಿಸಿದ ಪಾತಕಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಕ್ಯಾಸ್ಪರ್ ನಾಶವಾಗಿ ಲಿಯೊ ಮತ್ತೆ ಅಧಿಕಾರಕ್ಕೆ ಬಂದು, ಹಳೆಯ ಸ್ನೇಹದಿಂದ ಕೈನೀಡಿದಾಗ ಟಾಮ್ ಅದನ್ನು ಒಲ್ಲೆನೆನ್ನುತ್ತಾನೆ. ಲೂಸಿಯಾನೊ ಸಿಂಹಾಸನವನ್ನು ಬಯಸಿದನು, ಪಡೆದನು. ಸಾಹಸಕಥೆಗಳು ಆತನ ಚಾತುರ್ಯವನ್ನು ಎಷ್ಟೇ ಕೊಂಡಾಡಲಿ, ಆ ಕಾಲದ ನಿಜವಾದ ನಷ್ಟವನ್ನು ಅಳೆದುಕೊಟ್ಟವನು ಕಲ್ಪಿತನಾದ ಟಾಮನೇ ಹೊರತು ಅವನಲ್ಲ. ಆ ಸಿಂಹಾಸನವಾದರೂ ಬಹುಕಾಲ ಉಳಿಯಲಿಲ್ಲ: 1936ರಲ್ಲಿ ಲೂಸಿಯಾನೊನಿಗೆ ಮೂವತ್ತರಿಂದ ಐವತ್ತು ವರ್ಷಗಳ ಸೆರೆವಾಸವನ್ನು ವಿಧಿಸಲಾಯಿತು, ಅದಕ್ಕೆ ಆಧಾರವಾದುದು ಬಹುಮಟ್ಟಿಗೆ ವೇಶ್ಯಾಗೃಹಗಳ ಹೆಂಗಸರು ನುಡಿದ ಸಾಕ್ಷ್ಯ.