ಡ್ಯಾಂಗೆ ಗೇಟು ಮಾಡಿಕೊಟ್ಟ ಫ್ಯಾಕ್ಟರಿ ಎಲ್ಲಿ ಹೋಯ್ತು? ಹೊಸಪೇಟೆಯ ಟಿಎಸ್‌ಪಿಎಲ್ ಕಥೆ

ಈ ಎಪಿಸೋಡ್ ಶುರುವಾಗಿದ್ದು ಒಬ್ಬ ಕೇಳುಗರು ಕಳಿಸಿದ ಫೋಟೋದಿಂದ. ಹಂಪಿಯ ಪಾರ್ಕಿಂಗ್‌ನಲ್ಲಿ ಒಂದು ಕ್ಯಾರವಾನ್ ನಿಂತಿದೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಬಾತ್‌ರೂಮು, ಎಲ್ಲಾ ಇದೆ. ಕೆಳಗೆ ಪ್ರಶ್ನೆ: "ಬ್ರೋ, ಹೀಗೆ ಅಳತೆ ಕೊಟ್ಟು ಆರ್ಡರ್ ಮೇಲೆ ಮಾಡಿಸೋ ಕಂಪನಿ ನಮ್ಮ ಕಡೆ ಯಾವತ್ತಾದ್ರೂ ಇತ್ತಾ?"

ಕ್ಯಾರವಾನ್ ಮಾಡೋ ಕಂಪನಿ ನಮ್ಮಲ್ಲಿ ನನಗೆ ಸಿಗಲಿಲ್ಲ. ಆದರೆ ಅಳತೆ ಕೊಟ್ಟರೆ ಮಾತ್ರ ಮಾಡೋ, ಒಂದು ಸಲ ಮಾಡಿದ್ದು ಇನ್ನೊಂದು ಕಡೆ ಹೊಂದದೇ ಇರೋ ಮಾಲು ಮಾಡೋ ಕಂಪನಿ ಒಂದಿತ್ತು. ಅದು ಹೊಸಪೇಟೆಯಲ್ಲೇ ಹುಟ್ಟಿ, ಹೊಸಪೇಟೆಯಲ್ಲೇ ಮುಚ್ಚಿತು. ಅದು ಮಾಡ್ತಿದ್ದ ಮಾಲಿನ ಬೆಲೆ ಏನು ಅಂತ ನಮಗೆಲ್ಲ ಗೊತ್ತಾಗಿದ್ದು 2024ರ ಆಗಸ್ಟ್ 10ರ ರಾತ್ರಿ.

ಆ ರಾತ್ರಿ ನೆನಪಿದೆ ತಾನೇ? ಶನಿವಾರ. ಮಲಗೋ ಹೊತ್ತಿಗೆ ವಾಟ್ಸಾಪ್ ಗ್ರೂಪುಗಳು ಒಂದೇ ಸಮನೆ ಬಡ್ಕೊಳ್ಳೋಕೆ ಶುರು. "ಡ್ಯಾಂ ಗೇಟ್ ಕಿತ್ತು ಹೋಗಿದೆಯಂತೆ." ಮೊದಲು ಫೇಕ್ ನ್ಯೂಸ್ ಅಂದ್ಕೊಂಡೆ. ನಿಜವಾಗಿತ್ತು. ತುಂಗಭದ್ರಾ ಡ್ಯಾಂನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ನೀರಲ್ಲಿ ಕೊಚ್ಚಿ ಹೋಗಿತ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು. ಏಳು ದಶಕಗಳಲ್ಲಿ ಹೀಗೆ ಆಗಿದ್ದು ಇದೇ ಮೊದಲು. ಕಂಪ್ಲಿ ಸೇತುವೆ ಮುಳುಗುತ್ತಾ, ಹಂಪಿಯ ಪುರಂದರದಾಸರ ಮಂಟಪ ಮುಳುಗುತ್ತಾ ಅಂತ ಕೆಳಗಿನ ಊರುಗಳಲ್ಲಿ ಒಂದು ಭಯ. ಇರೋ ನೀರೆಲ್ಲ ಹೋದರೆ ಭತ್ತಕ್ಕೆ ಏನು ಮಾಡೋದು ಅಂತ ಕಾಲುವೆ ಕಡೆಯ ರೈತರಿಗೆ ಇನ್ನೊಂದು ಭಯ.

ಮರುದಿನ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಈ ಗೇಟನ್ನ ಮಾಡಿದ್ದು ಯಾರು? ಅವರನ್ನೇ ಕರೆಸಬಹುದಲ್ಲ?

ಉತ್ತರಕ್ಕೆ ಹಿಂದೆ ಹೋಗಬೇಕು. 1945ರ ಫೆಬ್ರವರಿ 28. ಹೊಳೆಯ ಒಂದು ದಡ ಹೈದರಾಬಾದ್ ನಿಜಾಮರದ್ದು, ಇನ್ನೊಂದು ದಡ ಮದ್ರಾಸ್ ಪ್ರಾಂತ್ಯದ್ದು. ಎರಡೂ ಕಡೆ ಅಡಿಗಲ್ಲು ಬಿತ್ತು. ಸಿಮೆಂಟ್ ಬದಲು ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದರು. ಆದರೆ ನೀರು ಹಿಡಿಯೋಕೆ, ಬಿಡೋಕೆ ಗೇಟು ಬೇಕು. ಒಟ್ಟು 33 ಕ್ರೆಸ್ಟ್ ಗೇಟು, ಒಂದೊಂದು 60 ಅಡಿ ಅಗಲ, 20 ಅಡಿ ಎತ್ತರ. ಇಷ್ಟು ದೊಡ್ಡದನ್ನ ದೂರದ ಊರಲ್ಲಿ ಮಾಡಿ ತರೋದಕ್ಕಿಂತ ಇಲ್ಲೇ ಮಾಡೋದು ಸುಲಭ. ಹಾಗಾಗಿ 1940ರ ದಶಕದ ಕೊನೆಗೆ ಮದ್ರಾಸ್ ಸರ್ಕಾರ ಡ್ಯಾಂ ಕೆಲಸಕ್ಕೆ ಅಂತಲೇ ಒಂದು ವರ್ಕ್‌ಶಾಪ್ ಹಾಕಿತು. ನಮ್ಮ ಫ್ಯಾಕ್ಟರಿಯ ತೊಟ್ಟಿಲು ಅದೇ.

1953ರಲ್ಲಿ ಡ್ಯಾಂನಿಂದ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಸೇರಿತು. ಮದ್ರಾಸ್ ಹಾಕಿದ ವರ್ಕ್‌ಶಾಪಿಗೆ ಈಗ ಇಬ್ಬರು ಯಜಮಾನರು. 1960ರಲ್ಲಿ ಎರಡೂ ರಾಜ್ಯ ಸೇರಿ ಅದನ್ನ ಕಂಪನಿ ಮಾಡಿದವು: ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಲಿಮಿಟೆಡ್, ಅಂದ್ರೆ ಟಿಎಸ್‌ಪಿಎಲ್. 1967ರಲ್ಲಿ ಬಹುಪಾಲು ಷೇರು ಕೇಂದ್ರ ಸರ್ಕಾರದ ಕೈಗೆ ಹೋಗಿ ಅದು ಕೇಂದ್ರದ ಸಾರ್ವಜನಿಕ ಉದ್ಯಮ ಆಯ್ತು.

ಟೈಮಿಂಗ್ ನೋಡಿ. ದೇಶದ ತುಂಬಾ ಡ್ಯಾಂ ಕಟ್ಟೋ ಕಾಲ ಅದು. ಪ್ರತಿ ಡ್ಯಾಂಗೂ ಗೇಟು, ಗೇಟು ಎತ್ತೋಕೆ ಹಾಯ್ಸ್ಟ್, ಗ್ಯಾಂಟ್ರಿ ಕ್ರೇನ್, ವಿದ್ಯುತ್ ಘಟಕಕ್ಕೆ ನೀರೊಯ್ಯೋ ಪೆನ್‌ಸ್ಟಾಕ್ ಕೊಳವೆ ಬೇಕು. ಇದೇ ಟಿಎಸ್‌ಪಿಎಲ್ ಕಸುಬು. ಬಳ್ಳಾರಿ ಸೀಮೆಯ ಒಂದು ಊರಿಗೆ ಅದಿರು ಅಗೆಯೋದು ಬಿಟ್ಟು ಬೇರೆ ಹೆಸರು ಬಂದಿದ್ದು ಹೀಗೆ. ಕಬ್ಬಿಣವನ್ನ ಬಗ್ಗಿಸಿ, ಬೆಸೆದು, ನೀರು ಸೋರದ ಹಾಗೆ ಕೂರಿಸೋ ವಿದ್ಯೆ ಅದು.

ಈಗ ನಾನು ಕಾಮರ್ಸ್ ಹುಡುಗ ಅನ್ನೋದನ್ನ ಸ್ವಲ್ಪ ಉಪಯೋಗಿಸ್ತೀನಿ. ಬೋರ್ ಆಗಲ್ಲ, ಇರಿ.

ಬಿಕಾಂನಲ್ಲಿ ಕಾಸ್ಟಿಂಗ್ ಓದಿದವರಿಗೆ ಗೊತ್ತು, ಪ್ರೋಸೆಸ್ ಕಾಸ್ಟಿಂಗ್ ಬೇರೆ, ಜಾಬ್ ಕಾಸ್ಟಿಂಗ್ ಬೇರೆ. ಕಂಪ್ಲಿ ಕಡೆ ಕಬ್ಬು ಅರೆದು ಸಕ್ಕರೆ ಮಾಡಿದರೆ ಅದು ಪ್ರೋಸೆಸ್. ಒಬ್ಬ ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ತಾನೆ. ಡ್ಯಾಂ ಗೇಟು ಜಾಬ್. ಆ ಡ್ಯಾಂನ ಆ ಕಿಂಡಿಗೆ ಮಾತ್ರ ಅದು ಕೂರೋದು. ಗಿರಾಕಿ ಬೇಡ ಅಂದರೆ ಅದು ಗುಜರಿ.

ಇಂಥ ಧಂದೆಯಲ್ಲಿ ದುಡ್ಡು ಹೇಗೆ ಬರುತ್ತೆ? ಕಂತಿನಲ್ಲಿ. ಸ್ವಲ್ಪ ಅಡ್ವಾನ್ಸ್, ಮಾಲು ರೆಡಿಯಾದಾಗ ಸ್ವಲ್ಪ, ಗೇಟು ಕೂರಿಸಿ ಟೆಸ್ಟ್ ಮಾಡಿದ ಮೇಲೆ ಉಳಿದದ್ದು. ಗಿರಾಕಿ ಅಂದರೆ ಬಹುತೇಕ ಸರ್ಕಾರದ ನೀರಾವರಿ ಇಲಾಖೆಗಳು. ಡ್ಯಾಂನ ಕಟ್ಟಡದ ಕೆಲಸ ಎರಡು ವರ್ಷ ತಡ ಆದರೆ? ಗೇಟು ಅಂಗಳದಲ್ಲಿ ಬಿದ್ದಿರುತ್ತೆ, ದುಡ್ಡು ಅದರೊಳಗೆ ಸಿಕ್ಕಿಕೊಂಡಿರುತ್ತೆ. ಆದರೆ ಸಂಬಳ ತಿಂಗಳಿಗೆ ಒಂದು ಸಲ ಕೊಡಲೇಬೇಕು, ಸಾಲದ ಬಡ್ಡಿ ನಿಲ್ಲಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಆ ಕ್ಯಾರವಾನ್ ಪ್ರಶ್ನೆಗೆ ವಾಪಸ್ ಬಂದರೆ, ಅಮೆರಿಕದಲ್ಲಿ ಮೋಟರ್‌ಹೋಮ್ ಮಾಡ್ತಿದ್ದ ಫ್ಲೀಟ್‌ವುಡ್, ಮೊನಾಕೊ ಕೋಚ್ ಅನ್ನೋ ದೊಡ್ಡ ಹೆಸರುಗಳು 2009ರ ಮಾರ್ಚ್ ಒಂದೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿದವು. ದೊಡ್ಡ ಮಾಲು, ಕಮ್ಮಿ ಗಿರಾಕಿ. ಆರ್ಡರ್ ನಿಂತರೆ ಉಸಿರು ನಿಂತಂತೆ.

ಟಿಎಸ್‌ಪಿಎಲ್ ಹಾಗೆ ಒಂದೇ ಏಟಿಗೆ ಸಾಯಲಿಲ್ಲ, ನಿಧಾನಕ್ಕೆ ಸೊರಗಿತು. ನಷ್ಟ ವರ್ಷದಿಂದ ವರ್ಷಕ್ಕೆ ಬೆಳೀತು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು, ಉಳಿದ ನೌಕರರಿಗೆ ಸ್ವಯಂ ನಿವೃತ್ತಿಯ ಪ್ಯಾಕೇಜ್. 2017ರಲ್ಲಿ ಹೊಸಪೇಟೆಯ 82 ಎಕರೆಗೂ ಹೆಚ್ಚು ಜಾಗವನ್ನ ಎಕರೆಗೆ 66 ಲಕ್ಷದಂತೆ ರಾಜ್ಯ ಸರ್ಕಾರಕ್ಕೆ ಕೊಡೋ ತೀರ್ಮಾನ ಆಯ್ತು. ಲೆಕ್ಕದ ಪುಸ್ತಕ ಕ್ಲೋಸ್.

ಏಳು ವರ್ಷ ಆದ ಮೇಲೆ 19ನೇ ಗೇಟು ಹೋಯ್ತು.

ಇಲ್ಲಿ ಹುಷಾರಾಗಿ ಮಾತಾಡಬೇಕು. ಫ್ಯಾಕ್ಟರಿ ಮುಚ್ಚಿದ್ದಕ್ಕೇ ಗೇಟು ಹೋಯ್ತು ಅಂತ ನಾನು ಹೇಳ್ತಿಲ್ಲ. ತುಂಡಾಗಿದ್ದು ಏಳು ದಶಕ ದುಡಿದ ವ್ಯವಸ್ಥೆಯ ಚೈನ್. ಗೇಟು ರಿಪೇರಿಗೆ ಬಂದಾಗ ಮುಂದೆ ಇಳಿಸಿ ನೀರು ತಡೆಯೋ ಸ್ಟಾಪ್‌ಲಾಗ್ ವ್ಯವಸ್ಥೆಯೂ ಈ ಡ್ಯಾಂಗೆ ಇರಲಿಲ್ಲ. ಆ ವಾರ ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳ ಪ್ಲಾನ್ ಆಯ್ತು. ಮಾಡಿದ್ದು ಯಾರು? ಹೊಸಪೇಟೆಯ ಖಾಸಗಿ ವರ್ಕ್‌ಶಾಪ್‌ಗಳು ಮತ್ತು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್. ನೀರು ಹರೀತಿದ್ದಾಗಲೇ ಕಾರ್ಮಿಕರು ಜೀವ ಕೈಯಲ್ಲಿ ಹಿಡ್ಕೊಂಡು ಆಗಸ್ಟ್ 16 ಮತ್ತು 17ರಂದು ಅವನ್ನ ಇಳಿಸಿದರು. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು. ಅವತ್ತು ಟಿವಿ ಮುಂದೆ ಕೂತು ನಮ್ಮ ಮನೆಯವರೆಲ್ಲ ಚಪ್ಪಾಳೆ ತಟ್ಟಿದ್ದರು.

ಅಂದ್ರೆ ವಿದ್ಯೆ ಊರಿಂದ ಪೂರ್ತಿ ಹೋಗಿಲ್ಲ. ಅದು ಸಮಾಧಾನ. ಆದರೆ ಆಮೇಲೆ ತಜ್ಞರು 33 ಗೇಟುಗಳನ್ನೂ ಬದಲಿಸಬೇಕು ಅಂದರು. ಹೊಸ 19ನೇ ಗೇಟಿನ ಗುತ್ತಿಗೆ ಗುಜರಾತ್ ಮೂಲದ ಕಂಪನಿಗೆ ಹೋಯ್ತು. 2025ರ ಮಳೆಗಾಲದಲ್ಲಿ ಸುಮಾರು 105 ಟಿಎಂಸಿ ಹಿಡಿಯೋ ಡ್ಯಾಂನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಬೇಕಾಯ್ತು. ಗೇಟು ಬದಲಿಸೋಕೆ ಅಂತ ಎರಡನೇ ಬೆಳೆಗೆ ನೀರು ಬಿಡೋದಿಲ್ಲ ಅಂತ ತೀರ್ಮಾನ ಆಯ್ತು. ಕಂಪ್ಲಿಯಲ್ಲಿ ಎರಡು ಬೆಳೆ ನಂಬಿ ಸಾಲ ತೆಗೆದ ರೈತನಿಗೆ ಗೇಟು ಅಂದರೆ ಉಕ್ಕಿನ ಹಲಗೆ ಅಲ್ಲ, ಮಗಳ ಕಾಲೇಜು ಫೀಸು.

ನಷ್ಟದ ಫ್ಯಾಕ್ಟರಿಯನ್ನ ತೆರಿಗೆ ದುಡ್ಡಲ್ಲಿ ಸಾಕಬೇಕಿತ್ತು ಅಂತ ವಾದ ಮಾಡೋಕೆ ನನಗೆ ಮನಸ್ಸಿಲ್ಲ. ಆದರೆ ಮುಚ್ಚೋ ಲೆಕ್ಕದಲ್ಲಿ ಒಂದು ಸಾಲು ತಪ್ಪಿದೆ ಅನ್ಸುತ್ತೆ. ಜಾಗಕ್ಕೆ ಬೆಲೆ ಕಟ್ಟಿದರು, ಗುಜರಿಗೆ ಬೆಲೆ ಕಟ್ಟಿದರು. ದೇಶದಲ್ಲಿ ಡ್ಯಾಂ ಕಟ್ಟೋ ಕಾಲ ಮುಗಿದರೂ ಡ್ಯಾಂ ರಿಪೇರಿ ಮಾಡೋ ಕಾಲ ಈಗ ಶುರುವಾಗಿದೆ. ಆ ರಿಪೇರಿ ಕೆಲಸಕ್ಕೆ ಬೇಕಾದ ಕೈಗಳಿಗೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಲಂ ಇರಲಿಲ್ಲ.

ಹಂಪಿಗೆ ಹೋದಾಗ ತುರ್ತು ಕಾಲುವೆ ನೋಡಿ. ವಿಜಯನಗರದ ಕಾಲದ್ದು, ಇವತ್ತಿಗೂ ಬಾಳೆ ತೋಟಗಳಿಗೆ ನೀರು ಕೊಡ್ತಿದೆ. ಕಟ್ಟಿದ ರಾಜರ ಹೆಸರು ಗೈಡ್ ಹೇಳ್ತಾರೆ. ಐದು ಶತಮಾನ ಅದರ ಹೂಳು ತೆಗೆದು ಉಳಿಸಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ನಿಮ್ಮ ಮನೆಯಲ್ಲಿ ಅಜ್ಜನೋ, ಮಾವನೋ, ಪಕ್ಕದ ಮನೆ ಕಾಕಾನೋ ಟಿಎಸ್‌ಪಿಎಲ್‌ನಲ್ಲಿ ವೆಲ್ಡರ್, ಫಿಟ್ಟರ್ ಆಗಿದ್ದರೆ ಒಂದು ಕೆಲಸ ಮಾಡಿ. ಈ ಭಾನುವಾರ ಅವರ ಹತ್ತಿರ ಕೂತು, ಗೇಟು ಹೇಗೆ ಮಾಡ್ತಿದ್ರಿ ಅಂತ ಕೇಳಿ. ಫೋನಿನ ರೆಕಾರ್ಡರ್ ಆನ್ ಮಾಡಿ. ನನಗೆ ಕಳಿಸಿದರೆ ಸಂತೋಷ, ಕಳಿಸದೇ ಇದ್ದರೂ ಪರವಾಗಿಲ್ಲ, ರೆಕಾರ್ಡ್ ಮಾಡಿ ಇಟ್ಕೊಳ್ಳಿ.